ಮರ್ಯಾದೆ ಹೋಗದ ಹಾಗೆ ಕಲಿಯಬೇಕಂತೆ

ಹೊರದೇಶಕ್ಕೆ ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ: “ಮರ್ಯಾದೆ ಹೋಗದ ಹಾಗೆ ಅಲ್ಲಿಯ ಭಾಷೆ ಮಾತಾಡೋಕೆ ಎಷ್ಟು ತಿಂಗಳು ಬೇಕು?” ಇಷ್ಟು ದಿನ “ಕಲೀತೀರಿ ಬಿಡಿ” ಅಂತ ನಕ್ಕು ಸಾಗಹಾಕುತ್ತಿದ್ದೆ. ಸಾಕಾಯಿತು. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಆ ಪ್ರಶ್ನೆಯಲ್ಲಿ ಎರಡು ಪದ ನನಗೆ ಸಹಿಸೋಕಾಗಲ್ಲ: ‘ತಿಂಗಳು’ ಮತ್ತು ‘ಮರ್ಯಾದೆ’.

ತಿಂಗಳಿನ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವಾಗ ಲೆಕ್ಕ ಹಾಕುವುದು ತರಗತಿಯ ಗಂಟೆಗಳಲ್ಲಿ. ಸ್ಪ್ಯಾನಿಷ್‌ನಂಥ ಭಾಷೆಗೆ ಸುಮಾರು 600ರಿಂದ 750, ಜಪಾನಿ ಅಥವಾ ಚೀನಿಗೆ 2,200. ಅದೂ ಇಂಗ್ಲಿಷ್ ಮನೆಮಾತಿನವರಿಗೆ. ನೀವು ಆಫೀಸಿನಲ್ಲಿ ಇಂಗ್ಲಿಷ್, ರೂಮಿನಲ್ಲಿ ಕನ್ನಡ, ಅಂಗಡಿಯಲ್ಲಿ ಬೆರಳು ತೋರಿಸುವುದು ಅಂತ ಕಾಲ ಹಾಕಿದರೆ ಅಲ್ಲಿಯ ಭಾಷೆ ನಿಮ್ಮ ಬಾಯಲ್ಲಿರುವುದು ದಿನಕ್ಕೆ 20 ನಿಮಿಷ. ಹಾಗೆ 600 ಗಂಟೆ ತುಂಬಲು 1,800 ದಿನ, ಹೆಚ್ಚುಕಡಿಮೆ ಐದು ವರ್ಷ. “ಅಲ್ಲೇ ಇದ್ರೆ ತಾನಾಗೇ ಬರುತ್ತೆ” ಅನ್ನುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಇನ್ನು ಮರ್ಯಾದೆ. ನಗೆಪಾಟಲಾಗಿಸುವ ತಪ್ಪುಗಳಿಗೆ ಒಂದೊಂದಕ್ಕೂ ಕಾರಣ ಇರುತ್ತದೆ, ಮತ್ತು ನಮ್ಮ ಮಟ್ಟಿಗೆ ಆ ಕಾರಣ ಬಹಳ ಸಲ ಇಂಗ್ಲಿಷ್. ಜರ್ಮನ್‌ನಲ್ಲಿ ಸೆಕೆಯಾದಾಗ ‘ಇಶ್ ಬಿನ್ ಹೈಸ್’ ಅಂದು ನೋಡಿ, ಎದುರಿನವರು ಸುಮ್ಮನೆ ಕೆಮ್ಮುತ್ತಾರೆ. ಕಾಮ ಕೆರಳಿದೆ ಅಂತ ಹೇಳಿದ್ದೀರಿ. ಸರಿಯಾದದ್ದು ‘ಮಿಯರ್ ಇಸ್ಟ್ ಹೈಸ್’. ‘ಮಿಯರ್’ ಅಂದರೆ ‘ನನಗೆ’. ನನಗೆ ಸೆಕೆ, ನನಗೆ ಚಳಿ. ಶಾಲೆಯಲ್ಲಿ ಉರು ಹೊಡೆದ ಅದೇ ಚತುರ್ಥಿ ವಿಭಕ್ತಿ! ಮಾತು ಕಲಿತಾಗಿನಿಂದ ಆಡುತ್ತಿರುವ ವಾಕ್ಯವನ್ನು ಬಿಟ್ಟು ‘ಐ ಆಮ್ ಹಾಟ್’ ಕಡೆಯಿಂದ ಸುತ್ತಿಕೊಂಡು ಹೋಗಿ ಹಳ್ಳಕ್ಕೆ ಬೀಳುತ್ತೇವೆ.

ಸ್ಪ್ಯಾನಿಷ್‌ನಲ್ಲೂ ಇದೇ ಪಾಡು. ‘ಎಂಬ್ಯಾರಸ್ಡ್’ ನೆನಪಾಗಿ ‘ಎಸ್ತೊಯ್ ಎಂಬರಸಾದಾ’ ಅಂದರೆ ‘ನಾನು ಬಸುರಿ’. ಮಾಡಿದ ಒಂದು ಸಣ್ಣ ತಪ್ಪಿಗೆ ನಾಚಿಕೆ ಹೇಳಿಕೊಳ್ಳಲು ಹೋಗಿ ಇನ್ನೊಂದು ದೊಡ್ಡದನ್ನು ಮಾಡುವುದು ಈ ಪದದ ವಿಶೇಷ. ಅವರು ಹೇಳುವುದು ‘ಮೆ ದಾ ವೆರ್ಗ್ವೆನ್ಸಾ’. ‘ಮೆ’ ಅಂದರೆ ಮತ್ತೆ ‘ನನಗೆ’. ‘ನನಗೆ ಇಷ್ಟ’ ಅನ್ನಲು ‘ಮೆ ಗುಸ್ತಾ’, ಅದೂ ಕನ್ನಡದ ಜಾಡೇ. ಹಾಗಂತ ಎಲ್ಲ ಕಡೆ ಕನ್ನಡ ಕೈಹಿಡಿಯುತ್ತದೆ ಅಂದುಕೊಳ್ಳಬೇಡಿ. ಹಸಿವು, ಸೆಕೆಗಳಿಗೆ ಸ್ಪ್ಯಾನಿಷ್‌ನವರು ‘ತೆಂಗೊ’ ಅನ್ನುತ್ತಾರೆ, ಅವು ತಮ್ಮ ಹತ್ತಿರ ಇರುವ ವಸ್ತು ಎಂಬಂತೆ. ನಾನು ಹೇಳುವುದಿಷ್ಟೇ: ಇಂಗ್ಲಿಷನ್ನು ಕೇಳುವ ಮೊದಲು ಕನ್ನಡವನ್ನೊಮ್ಮೆ ಕೇಳಿ ನೋಡಿ.

ಲಿಪಿಯನ್ನೂ ಕೇಳಿ. ಜಪಾನಿಯಲ್ಲಿ ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮನ ವಯಸ್ಸಿನ ಹೆಂಗಸು. ‘ಒಬಾಸನ್’ ಅಂದರೆ ಅಜ್ಜಿ. ‘ಕೊಮೊನ್’ ಸಲಹೆಗಾರ, ‘ಕೋಮೊನ್’ ಗುದದ್ವಾರ. ರೋಮನ್ ಅಕ್ಷರದಲ್ಲಿ ಗುರುತು ಹಾಕಿಕೊಂಡರೆ ದೀರ್ಘ ಮಾಯವಾಗಿ ಸಲಹೆಗಾರರ ಗತಿ ಏನಾಗುತ್ತದೆ ನೋಡಿ. ಬಳೆ, ಬಾಳೆ ಎಂದೂ ಅದಲುಬದಲಾಗದ ಬಾಯಿ ನಮ್ಮದು. ಕನ್ನಡದಲ್ಲೇ ಬರೆದುಕೊಳ್ಳಿ.

ಚೀನಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ‘ಸ್ವಲ್ಪ ಕೇಳಬಹುದಾ’ ಅನ್ನಲು ‘ಛಿಂಗ್ ವೆನ್’. ಆ ‘ವೆನ್’ ಮೇಲಿನಿಂದ ಕೆಳಕ್ಕೆ ಧೊಪ್ಪನೆ ಬೀಳಬೇಕು. ಹೊಸಬರು ವಿನಯ ತೋರಿಸಲು ದನಿ ತಗ್ಗಿಸಿ ಕೊನೆಗೆ ತುಸು ಎತ್ತುತ್ತಾರೆ. ಅಲ್ಲಿಗೆ ಅದು ‘ದಯವಿಟ್ಟು ಮುತ್ತು ಕೊಡಿ’ ಆಯಿತು. ಗದರುವಾಗ ‘ಹೋಗ್!’ ಅನ್ನುತ್ತೇವಲ್ಲ, ಆ ದನಿಯಲ್ಲಿ ‘ವೆನ್’ ಅನ್ನಿ. ಒರಟಾಗಿ ಕೇಳಿಸುತ್ತದೆ ಅನ್ನಿಸುವುದು ನಿಮಗೆ ಮಾತ್ರ.

(ನಡುವೆ ಒಂದು ಮಾತು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಬರ್ಲಿನ್‌ನಲ್ಲಿ ‘ನಾನು ಬರ್ಲಿನ್‌ನವನು’ (‘ಇಶ್ ಬಿನ್ ಐನ್ ಬರ್ಲಿನರ್’) ಅನ್ನಲು ಹೋಗಿ ‘ನಾನೊಂದು ಸಿಹಿ ಬನ್ನು’ ಅಂದರು ಎಂಬ ಕತೆಯನ್ನು ದಯವಿಟ್ಟು ಕಳಿಸಬೇಡಿ. ಅವರ ವಾಕ್ಯ ಸರಿಯಾಗಿಯೇ ಇತ್ತು. ‘ಬರ್ಲಿನರ್’ ಎಂಬ ಆ ತಿಂಡಿಯನ್ನು ಬರ್ಲಿನ್‌ನವರು ಕರೆಯುವುದೇ ಬೇರೆ ಹೆಸರಿನಿಂದ.)

ಇವೆಲ್ಲ ನಿಮಗೆ ಭಯ ಹುಟ್ಟಿಸುವ ತಪ್ಪುಗಳು. ನನಗೆ ಇವುಗಳ ಬಗ್ಗೆ ಚಿಂತೆಯೇ ಇಲ್ಲ. ಬಸುರಿ ಅಂದುಕೊಂಡ ಗಂಡಸು ಆ ಪದವನ್ನು ಇನ್ನೊಮ್ಮೆ ತಪ್ಪಾಗಿ ಬಳಸುವುದಿಲ್ಲ. ಯಾರಾದರೂ ಕೇಳಲಿ ಅಂತ ನಾನು ಕಾದಿರುವ ಪ್ರಶ್ನೆ ಬೇರೆ: ಯಾರೂ ನಗದ ತಪ್ಪನ್ನು ಹಿಡಿಯೋದು ಹೇಗೆ?

ಜರ್ಮನ್‌ನಲ್ಲಿ ‘ಹೋದೆ’ ಅನ್ನಲು ‘ಇಶ್ ಹಾಬೆ ಗೆಗಾಂಗೆನ್’ ಅನ್ನುತ್ತೀರಿ. ಎದುರಿನವರು ಮುಖ ಸಿಂಡರಿಸುವುದಿಲ್ಲ. “ಓ, ಜೀ ಜಿಂಟ್ ಗೆಗಾಂಗೆನ್?” ಅಂತ ಮಾತು ಮುಂದುವರಿಸುತ್ತಾರೆ. ನೀವು ಹೌದೆಂದು ತಲೆಯಾಡಿಸುತ್ತೀರಿ. ಅವರು ತಿದ್ದಿದರು, ನಿಮಗೆ ಗೊತ್ತೇ ಆಗಲಿಲ್ಲ. ಹೋಗುವ ಬರುವ ಕ್ರಿಯೆಗಳಿಗೆ ‘ಹಾಬೆ’ ಅಲ್ಲ, ‘ಬಿನ್’ ಬರಬೇಕಿತ್ತು (‘ನೀವು’ ಅನ್ನುವಾಗ ಅದೇ ‘ಜಿಂಟ್’). ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿ ಲಿಸ್ಟರ್ ಮತ್ತು ರಾಂಟಾ ಎಂಬ ಸಂಶೋಧಕರು 1997ರಲ್ಲಿ ಬರೆದದ್ದು ಇದನ್ನೇ: ಶಿಕ್ಷಕರು ತಿದ್ದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಸದ್ದಿಲ್ಲದೆ ತಿದ್ದಿದ್ದು, ಮಕ್ಕಳು ಅದನ್ನು ಗಮನಿಸಿ ಏನಾದರೂ ಅಂದದ್ದು ಮೂರರಲ್ಲಿ ಒಂದು ಸಲಕ್ಕಿಂತ ಕಡಿಮೆ. ಹತ್ತು ವರ್ಷ ಅಲ್ಲೇ ಇದ್ದೂ ‘ಹಾಬೆ ಗೆಗಾಂಗೆನ್’ ಅನ್ನುವವರು ತಯಾರಾಗುವುದು ಹೀಗೆ. ಅವರ ಮರ್ಯಾದೆಗೇನೂ ಕುಂದಿಲ್ಲ, ಭಾಷೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಹಿಡಿಯುವ ಬಗೆ: ನಿಮ್ಮ ವಾಕ್ಯವನ್ನು ಎದುರಿನವರು ಪ್ರಶ್ನೆಯಂತೆ ವಾಪಸ್ ಹೇಳಿದರೆ ಕಿವಿ ನಿಮಿರಬೇಕು. ಅವರು ಹೇಳಿದ ರೂಪವನ್ನೇ ತಕ್ಷಣ ನಿಮ್ಮ ಬಾಯಲ್ಲಿ ಒಮ್ಮೆ ಹೇಳಿ, ಆಮೇಲೆ ಉತ್ತರ. ತಲೆಯಾಡಿಸುವುದನ್ನು ಬಿಡಿ. ವೇಳೆ, ಸಂಖ್ಯೆ ಬಂದಾಗಲಂತೂ ತಿರುಗಿ ಕೇಳಲೇಬೇಕು: ಜರ್ಮನ್‌ನ ‘ಹಾಲ್ಪ್ ಆಖ್ಟ್’ನಲ್ಲಿ ಎಂಟು ಕೇಳಿಸಿತು, ಅರ್ಧ ಕೇಳಿಸಿತು ಅಂತ ಎಂಟೂವರೆಗೆ ಹೋದರೆ ಒಂದು ಗಂಟೆ ತಡ, ಅದು ಏಳೂವರೆ.

ಪರಿಚಯದವರೊಬ್ಬರನ್ನು ಹಿಡಿದು “ಈ ವಾರ ನನ್ನ ಭೂತಕಾಲ ಮಾತ್ರ ತಿದ್ದಿ” ಅನ್ನಿ. ಎಲ್ಲವನ್ನೂ ತಿದ್ದಿ ಅಂದರೆ ಎರಡೇ ದಿನಕ್ಕೆ ಅವರಿಗೂ ಸುಸ್ತು, ನಿಮಗೂ. ಜೇಬಿನಲ್ಲೊಂದು ಸಣ್ಣ ಪುಸ್ತಕ ಇರಲಿ: ಎಡಗಡೆ ಆಡಿದ್ದು, ಬಲಗಡೆ ಆಡಬೇಕಿದ್ದದ್ದು, ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ರಾತ್ರಿ ಬಲಗಡೆಯದನ್ನು ಮಾತ್ರ ಗಟ್ಟಿಯಾಗಿ ಓದಿ, ಮಾರನೇ ದಿನ ಇಬ್ಬರ ಹತ್ತಿರ ಬೇಕಂತಲೇ ಬಳಸಿ. ಒಂದೇ ತಪ್ಪು ಮೂರನೇ ಸಲ ಎಡಗಡೆ ಬಂದಿದ್ದರೆ ಆಗ ವ್ಯಾಕರಣದ ಪುಸ್ತಕ ತೆಗೆಯಿರಿ, ಆ ಒಂದು ಪುಟಕ್ಕೆ ಮಾತ್ರ.