ಹಳೇ ಮನೆ ನಂಬರು ಹಿಡಿದು: ಬಳ್ಳಾರಿಯಿಂದ ಶಕ್ತಿನಗರದ ತನಕ

ಆರು ತಿಂಗಳ ಡೆಪ್ಯುಟೇಶನ್ ಮೇಲೆ ಬಳ್ಳಾರಿಗೆ ಬಂದವರು, ಮನೆಯವರ ಚಿಕಿತ್ಸೆಗೆಂದು ಆಸ್ಪತ್ರೆಯ ಹತ್ತಿರ ರೂಮು ಹಿಡಿದವರು, ಭಾನುವಾರ ಏನು ಮಾಡುವುದೆಂದು ತೋಚದೆ ಕೂರುತ್ತಾರೆ. ಅವರಲ್ಲಿ ನೀರಾವರಿ, ಕೆ.ಇ.ಬಿ., ರೈಲ್ವೆ ನೌಕರರ ಮಕ್ಕಳಿದ್ದರೆ, ಹಿಂದೆ ವಾಸವಿದ್ದ ಮೂರ್ನಾಲ್ಕು ಮನೆಗಳು ಒಂದು ದಿನದ ಬಸ್ಸಿನ ದೂರದೊಳಗೇ ಸಿಗುತ್ತವೆ. ಈ ಭಾಗದಲ್ಲಿ ಅಪ್ಪಂದಿರ ವರ್ಗಾವಣೆ ಆರ್ಡರು ತಿರುಗುತ್ತಿದ್ದದ್ದೇ ಬಳ್ಳಾರಿ, ಮುನಿರಾಬಾದ್, ಸಿಂಧನೂರು, ರಾಯಚೂರು, ಶಕ್ತಿನಗರದ ನಡುವೆ. ಆ ಸಾಲನ್ನೇ ಹಿಡಿದು ಹಳೇ ಮನೆಗಳನ್ನು ಹುಡುಕುವ ನಾಲ್ಕು ದಿನದ ತಿರುಗಾಟ ಇದು. ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಬೇಕು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಓಣಿಯಲ್ಲಿ ನಾಯಿಯೂ ಇರುವುದಿಲ್ಲ, ದಾರಿ ಕೇಳುವುದು ಯಾರನ್ನು?

ಹೊರಡುವ ಮೊದಲು ಟ್ರಂಕು ತೆಗೆದು ಕಾಗದ ಹುಡುಕಬೇಕು. ಶಾಲೆಯ ಟಿ.ಸಿ., ರೇಷನ್ ಕಾರ್ಡು, ಇನ್‌ಲ್ಯಾಂಡ್ ಪತ್ರ, ಇವುಗಳಲ್ಲಿ ವಿಳಾಸವೇನೋ ಇರುತ್ತದೆ. ಆದರೆ ವಾರ್ಡು ಮರುವಿಂಗಡಣೆಯಾದಾಗಲೆಲ್ಲ ವಾರ್ಡಿನ ಸಂಖ್ಯೆ ಬದಲಾಗಿದೆ, ಬಾಗಿಲ ಮೇಲಿನ ನಂಬರು ಕೂಡ ಎರಡು ಮೂರು ಸಲ ಬದಲಾಗಿರಬಹುದು. ಇದ್ದದ್ದರಲ್ಲಿ ನಂಬಬಹುದಾದದ್ದು ಹಳೇ ಕರೆಂಟ್ ಬಿಲ್ಲು. ಅದರಲ್ಲಿನ ಆರ್.ಆರ್. ನಂಬರು ಸಂಪರ್ಕಕ್ಕೆ ಅಂಟಿಕೊಂಡಿರುತ್ತದೆ. ಬಾಡಿಗೆದಾರ ಬದಲಾದರೂ, ಮಾಲೀಕ ಬದಲಾದರೂ ಮೀಟರ್ ಬೋರ್ಡಿನ ಮೇಲೆ ಬಣ್ಣದಲ್ಲಿ ಅದೇ ನಂಬರು ಉಳಿದಿರುತ್ತದೆ. ಮನೆ ಕೆಡವಿ ಹೊಸದು ಕಟ್ಟಿ ಹೊಸ ಸಂಪರ್ಕ ಪಡೆದಿದ್ದರೆ ಮಾತ್ರ ಈ ಗುರುತು ತಪ್ಪುತ್ತದೆ.

ಇನ್ನೊಂದು ಸಂಗತಿ ಮೊದಲೇ ತಿಳಿದಿರಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನದು. ರಾಯಚೂರು, ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದಿನವು. ಮನೆಗೆ ನಂಬರು ಹಾಕಿದ ಪದ್ಧತಿಯೂ ಹಾಗೇ ಬೇರೆ ಬೇರೆ. ಬಳ್ಳಾರಿಯ ಹಳೇ ಕಾಗದದಲ್ಲಿ ಡೋರ್ ನಂಬರಿನ ಪಕ್ಕ ಟಿ.ಎಸ್. ನಂಬರು, ಅಂದರೆ ಟೌನ್ ಸರ್ವೆಯ ಸಂಖ್ಯೆ ಇರುತ್ತದೆ. ಅದು ಜಾಗದ ನಂಬರು, ಮನೆಯದಲ್ಲ. ರಾಯಚೂರಿನಲ್ಲಿ ಅಡ್ಡಗೆರೆ ಹಾಕಿ ಬರೆದ ಮೂರು ಅಂಕಿ: ಮೊದಲಿನದು ವಾರ್ಡು, ನಡುವಿನದು ಬ್ಲಾಕು, ಕೊನೆಯದು ಮಕಾನ್, ಅಂದರೆ ಮನೆಯ ನಂಬರು. ಕೊನೆಯ ಅಂಕಿಯ ಮುಂದೆ ಓರೆಗೆರೆ ಎಳೆದು ಇನ್ನೊಂದು ಅಂಕಿ ಇದ್ದರೆ, ಸಾಮಾನ್ಯವಾಗಿ ಒಂದೇ ಮನೆ ಪಾಲಾಗಿ ಒಡೆದಿದೆ ಅಥವಾ ಹಿತ್ತಲಲ್ಲಿ ಇನ್ನೊಂದು ಮನೆ ಎದ್ದಿದೆ ಎಂದರ್ಥ.

ಮೊದಲ ದಿನ ಬಳ್ಳಾರಿಗೇ ಬೇಕು. ಬೆಳಿಗ್ಗೆ ಬಿಸಿಲೇರುವ ಮುನ್ನ ಕೋಟೆಯ ಗುಡ್ಡ ಹತ್ತಿ. ಹೈದರಾಲಿ ಈ ಕೋಟೆ ಬಲಪಡಿಸಿದ ಫ್ರೆಂಚ್ ಎಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಿದೆಯೆಂದು ಗೊತ್ತಾದ ಮೇಲೆ ಗಲ್ಲಿಗೇರಿಸಿದನೆಂಬ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಿಸಿಕೊಂಡು ಮುಂದೆ ಹೋಗಿ. ಇಲ್ಲಿ ಬೇಕಾದದ್ದು ಊರಿನ ನಕ್ಷೆ. ರೈಲು ಹಳಿ ಎಲ್ಲಿ, ನೀರಿನ ಟ್ಯಾಂಕು ಎಲ್ಲಿ, ಶಾಲೆಯ ಮೈದಾನ ಎಲ್ಲಿ ಎಂದು ಗುರುತು ಹಾಕಿಕೊಂಡರೆ ಕೆಳಗಿಳಿದ ಮೇಲೆ ದಿಕ್ಕು ತಪ್ಪುವುದಿಲ್ಲ. ಈ ಮೂರು ಸುಲಭಕ್ಕೆ ಜಾಗ ಬಿಡುವುದಿಲ್ಲ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಟಾಕೀಸು ನಂಬಿ ಹೊರಟವರು ಕೆಡುತ್ತಾರೆ.

ಆಟೋ ಹತ್ತುವಾಗ ಹಳೇ ಹೆಸರೇ ಹೇಳಿ. ಗಡಿಗಿ ಚೆನ್ನಪ್ಪ ವೃತ್ತ ಎಂದರೆ ಕ್ಷಣ ಯೋಚಿಸುವವರು ರಾಯಲ್ ಸರ್ಕಲ್ ಎಂದ ಕೂಡಲೇ ಗಾಡಿ ತಿರುಗಿಸುತ್ತಾರೆ. ಬ್ರೂಸ್ ಪೇಟೆ, ಮಿಲ್ಲರ್ ಪೇಟೆ, ಕೌಲ್ ಬಜಾರ್ ಕಂಪನಿ ಕಾಲದ ಹೆಸರುಗಳು, ಇವತ್ತಿಗೂ ಬಾಯಲ್ಲಿವೆ. ಕೌಲ್ ಬಜಾರಿನ ಒಳ ಓಣಿಗಳಿಗೆ ಆಟೋ ಬೇಡ, ಕಾಲ್ನಡಿಗೆಯೇ ಸರಿ. ಸುಧಾ ಕ್ರಾಸ್ ಕಡೆ ಹೋಗುವುದಿದ್ದರೆ ರೈಲ್ವೆ ಗೇಟಿಗೆಂದು ಸಮಯ ಇಟ್ಟುಕೊಳ್ಳಿ. ಅದಿರಿನ ಗೂಡ್ಸು ಬಂತೆಂದರೆ ಎಣಿಸಲು ಬೋಗಿಗಳೇನೋ ಸಾಕಷ್ಟು ಇರುತ್ತವೆ.

ಹಳೇ ಪೇಟೆಗಳ ಮನೆಗಳನ್ನು ಮುಂಬಾಗಿಲಿನಿಂದ ಗುರುತಿಸಲು ಹೋಗಬೇಡಿ. ಮುಂಭಾಗ ಒಡೆದು ಶಟರ್ ಹಾಕಿ ಮಳಿಗೆ ಮಾಡಿರುತ್ತಾರೆ. ನೆಲ ನೋಡಿ, ಮಾಳಿಗೆ ನೋಡಿ. ಬಳ್ಳಾರಿಯಲ್ಲಿ ಕಡಪ ಅಥವಾ ಬೇತಂಚೆರ್ಲ ಕಲ್ಲು, ರಾಯಚೂರಿನಲ್ಲಿ ಶಹಾಬಾದ್ ಪರ್ಸಿ, ಅಂದರೆ ಹಾಸುಗಲ್ಲು. ಮೇಲೆ ಟೈಲ್ಸ್ ಕೂರಿಸಿದ್ದರೂ ಹಿತ್ತಲು, ಬಚ್ಚಲ ಬದಿಯಲ್ಲಿ ಹಳೇ ಕಲ್ಲು ಉಳಿದಿರುತ್ತದೆ. ಮಣ್ಣಿನ ಮಾಳಿಗೆಯ ಮನೆಯಾದರೆ ಎಚ್ಚರ ಬೇಕು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು, ಅದರ ಮೇಲೆ ಸವಳು ಮಣ್ಣು: ಇಷ್ಟೇ ಅದರ ಕಟ್ಟು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಸವಳು ಹಾಕಿ ತುಳಿದರೆ ನೀರು ಇಳಿಯುವುದಿಲ್ಲ. ಬೀಗ ಬಿದ್ದ ಮನೆಯಲ್ಲಿ ಆ ಕೆಲಸ ನಿಲ್ಲುತ್ತದೆ. ಎರಡು ಮೂರು ಮಳೆಗೆ ಬಿರುಕಿನಿಂದ ನೀರಿಳಿದು ಗೋಡೆಯೊಳಗೆ ಕೂತ ಜಂತಿಯ ತುದಿ ಮೊದಲು ಕೊಳೆಯುತ್ತದೆ, ನಡುವಿನ ಭಾಗ ಗಟ್ಟಿಯಾಗಿಯೇ ಕಾಣುತ್ತದೆ. ಮೇಲೋ, ವರ್ಷ ವರ್ಷ ಹಾಕಿದ ಮಣ್ಣಿನ ಭಾರ. ಇಂಥ ಮನೆಯ ಮಾಳಿಗೆ ಹತ್ತಿ ಫೋಟೊ ತೆಗೆಯುವ ಆಸೆ ಬಿಟ್ಟುಬಿಡಿ. ಒಳಗೆ ನಿಲ್ಲುವುದಿದ್ದರೂ ಗೋಡೆಯ ಪಕ್ಕ ಅಲ್ಲ, ಬಾಗಿಲ ಚೌಕಟ್ಟಿನಲ್ಲಿ.

ಮನೆಯಲ್ಲಿ ಈಗ ಇರುವವರ ಮುಂದೆ ಹೇಗೆ ನಿಲ್ಲಬೇಕೆಂಬುದು ಕಲ್ಲು ಮಣ್ಣಿಗಿಂತ ಕಷ್ಟದ್ದು. ಬಾಗಿಲು ತಟ್ಟಿದ ಅಪರಿಚಿತನನ್ನು ನೋಡಿದ ಕೂಡಲೇ ಅವರಿಗೆ ಬರುವ ಅನುಮಾನ ಎರಡು: ಪಾಲಿಕೆಯಿಂದ ತೆರಿಗೆ ಅಳತೆಗೆ ಬಂದವನು, ಇಲ್ಲವೇ ಪಾಲು ಕೇಳಲು ಬಂದ ವಾರಸುದಾರ. ಎರಡನ್ನೂ ಮೊದಲ ಮಾತಿನಲ್ಲೇ ಕಳೆಯಬೇಕು. "ಅಮ್ಮಾರ, ಮುಂಚೆ ನಾವು ಈ ಮನ್ಯಾಗ ಬಾಡಿಗಿ ಇದ್ವಿ. ಹೊರಗ ನಿಂತು ಒಂದ್ ಸಲ ನೋಡಿ ಹೋಗ್ತೀವ್ರಿ" ಎಂದರೆ ಸಾಕು. 'ಬಾಡಿಗಿ' ಎಂಬ ಪದ ಬಿಡಬಾರದು, ಅದೇ ಬೀಗದ ಕೈ. ಒಳಗೆ ಕರೆದರೆ ಹೋಗಿ, ಕರೆಯದಿದ್ದರೆ ಇಲ್ಲ. ಡೋರ್ ನಂಬರಿನ ಫೋಟೊ ತೆಗೆಯುವುದು, ಹೆಜ್ಜೆ ಹಾಕಿ ಅಳೆಯುವುದು, ಈಗ ಬಾಡಿಗೆ ಎಷ್ಟೆಂದು ಕೇಳುವುದು ಮೂರೂ ಕೂಡದು. ಮನೆ ಈಗ ಯಾರ ಹೆಸರಲ್ಲಿದೆ ಎಂಬ ಕುತೂಹಲವಿದ್ದರೆ ಅದಕ್ಕೆ ಬೇರೆ ದಾರಿಯಿದೆ: 2004ರಿಂದ ಈಚಿನ ಇ.ಸಿ., ಅಂದರೆ ಆಸ್ತಿಯ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಡಬೇಕು. ಆ ಕಾಗದ ಕೈಯಲ್ಲಿ ಹಿಡಿದು ಬಾಗಿಲಿಗೆ ಮಾತ್ರ ಹೋಗಬೇಡಿ. ಮತ್ತೊಂದು: ನಳಕ್ಕೆ ನೀರು ಬಿಟ್ಟ ದಿನ ಯಾರ ಮನೆಯ ಬಾಗಿಲೂ ತಟ್ಟಬಾರದು. ಹಲವು ದಿನಕ್ಕೊಮ್ಮೆ ಬರುವ ನೀರು ಅದು. ಓಣಿಯ ತುಂಬ ಕೊಡ, ಪೈಪು ಕಂಡರೆ ಒಗ್ಗರಣೆ ಮಿರ್ಚಿ ತಿಂದು ಎರಡು ತಾಸು ಬಿಟ್ಟು ಬನ್ನಿ.

ಎರಡನೇ ದಿನ ಮುನಿರಾಬಾದ್. ಬಳ್ಳಾರಿಯಿಂದ ಹುಬ್ಬಳ್ಳಿ ಕಡೆಯ ಪ್ಯಾಸೆಂಜರ್ ಹಿಡಿದರೆ ತೋರಣಗಲ್ಲು, ಹೊಸಪೇಟೆ ದಾಟಿ ನದಿಯ ಆಚೆ ಇಳಿಯಬಹುದು. ಎಕ್ಸ್‌ಪ್ರೆಸ್‌ಗಳೆಲ್ಲ ಇಲ್ಲಿ ನಿಲ್ಲುವುದಿಲ್ಲ. ಹೊಸಪೇಟೆಯಲ್ಲಿ ಇಳಿದು ಬಸ್ಸು ಹಿಡಿಯುವುದು ಖಾತ್ರಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬೇಡ. ಹುಲಿಗೆಮ್ಮನ ಗುಡಿಗೆ ಬರುವ ಜನಕ್ಕೇ ಬಸ್ಸು ಸಾಲುವುದಿಲ್ಲ.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾದಾಗ ಬಲದಂಡೆ ಮದ್ರಾಸಿನದು, ಎಡದಂಡೆ ನಿಜಾಮನದು. ಹಾಗಾಗಿ ದಂಡೆಗೊಂದು ಕಾಲೋನಿ: ಆಚೆ ಟಿ.ಬಿ. ಡ್ಯಾಮ್, ಈಚೆ ಮುನಿರಾಬಾದ್. 'ಡ್ಯಾಮಿನ ಕ್ವಾರ್ಟರ್ಸ್' ಎಂದಷ್ಟೇ ನೆನಪಿಟ್ಟುಕೊಂಡು ಬಂದವರು ತಪ್ಪು ದಂಡೆಯಲ್ಲಿ ಅರ್ಧ ದಿನ ಕಳೆಯುತ್ತಾರೆ. ಈಗ ಜಿಲ್ಲೆಯೂ ಬೇರೆ, ಆಚೆಯದು ವಿಜಯನಗರ, ಈಚೆಯದು ಕೊಪ್ಪಳ. ಅಣೆಕಟ್ಟಿನ ಮೇಲೆ ಓಡಾಡಲು ಬಿಡುತ್ತಾರೆಂದು ಎಣಿಸಬೇಡಿ. 2024ರ ಆಗಸ್ಟಿನಲ್ಲಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಗೇಟುಗಳು ಒಟ್ಟು 33 ಎಂಬುದನ್ನು ಈ ಕಾಲೋನಿಯ ಮಕ್ಕಳು ಮಗ್ಗಿಯ ಹಾಗೆ ಬಲ್ಲರು. ಖಾಲಿ ಕ್ವಾರ್ಟರ್ಸ್‌ಗಳಲ್ಲಿ ಮುಳ್ಳುಜಾಲಿ ಬೆಳೆದಿರುತ್ತದೆ, ಹಾವಿನ ಭಯವಿದೆ. ಶೂ ಹಾಕಿ, ಕೈಯಲ್ಲೊಂದು ಕೋಲು ಹಿಡಿಯಿರಿ.

ಮೂರನೇ ದಿನ ಬಳ್ಳಾರಿಯಿಂದ ರಾಯಚೂರಿಗೆ. ಆದೋನಿ ಮೇಲೆ ಹೋಗುವ ದಾರಿಯೂ ಉಂಟು, ಆದರೆ ಅದು ಆಂಧ್ರ ಹಾಯ್ದು ಹೋಗುತ್ತದೆ. ಮಹಿಳೆಯರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಬೇಕಿದ್ದರೆ ಸಿರುಗುಪ್ಪ, ಸಿಂಧನೂರು, ಮಾನ್ವಿ ಮೇಲಿನ ಸಾಮಾನ್ಯ ಬಸ್ಸೇ ಸರಿ. ಆಧಾರ್ ಕಾರ್ಡು ಮರೆಯಬಾರದು. ಈ ದಾರಿಯ ಲಾಭ ಬೇರೆಯೂ ಇದೆ. ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳು ಸಿಂಧನೂರಿನ ಸುತ್ತ ಹರಡಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಿಗೆ ನಂಬರೇ ಹೆಸರು. ಕ್ಯಾಂಪಿನಲ್ಲಿ ವಿಳಾಸ ಕೇಳುವುದು ಕಾಲುವೆಯ ಲೆಕ್ಕದಲ್ಲಿ: ಎಷ್ಟನೇ ಉಪಕಾಲುವೆ, ತೂಬಿನ ಈಚೆಯೋ ಆಚೆಯೋ. 54ನೇ ಉಪಕಾಲುವೆ ಎಂದರೆ ಕಂಡಕ್ಟರಿಗೂ ಗೊತ್ತು, ಸರ್ವೆ ನಂಬರು ಹೇಳಿದರೆ ಯಾರಿಗೂ ಗೊತ್ತಾಗದು.

ರಾಯಚೂರಿನ ಹಳೇ ಊರು ಕೋಟೆಯ ಲೆಕ್ಕದಲ್ಲಿದೆ. ಅಂದ್ರೂನ್ ಕಿಲ್ಲಾ ಅಂದರೆ ಕೋಟೆಯ ಒಳಗೆ, ಬೇರೂನ್ ಕಿಲ್ಲಾ ಅಂದರೆ ಹೊರಗೆ. ಮಂಗಳವಾರಪೇಟೆ, ಬೇಸ್ತವಾರಪೇಟೆ ವಾರದ ಹೆಸರಿನವು. ತೀನ್ ಕಂದೀಲ್ ವೃತ್ತದ ಹತ್ತಿರ ನಿಂತು ನಂಬರಿನ ಮೊದಲ ಅಂಕಿ ತೋರಿಸಿದರೆ ಹಿರಿಯರು ಯಾವ ಕಡೆ ಹೋಗಬೇಕೆಂದು ಹೇಳುತ್ತಾರೆ. ಇಲ್ಲಿ "ಭಾಯ್" ಎಂದು ಉರ್ದುವಿನಲ್ಲಿ ಕೇಳಿದರೂ "ಯಪ್ಪಾ" ಎಂದು ಕನ್ನಡದಲ್ಲಿ ಕೇಳಿದರೂ ಉತ್ತರ ಒಂದೇ ಧಾಟಿಯಲ್ಲಿ ಬರುತ್ತದೆ. ಕೋಟೆಯ ಪಶ್ಚಿಮ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ, 1294ರ ತೆಲುಗು ಶಾಸನ ಇರುವಂಥದ್ದು. ಗಾಡಿ ಹೂಡಿ ಅದನ್ನು ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಗೋಡೆಗೆ ಒತ್ತಿ ಕಟ್ಟಿದ ಮನೆಗಳಲ್ಲಿ ವಾಸವಿದ್ದವರಿಗೆ ಕೋಟೆಯ ಕಲ್ಲೇ ಹಿತ್ತಲ ಗೋಡೆಯಾಗಿತ್ತು. ಅಂಥ ಮನೆಗಳು ತೆರವಾಗಿದ್ದರೂ ಕಲ್ಲಿನ ಮೇಲೆ ಸುಣ್ಣದ ಪಟ್ಟೆ, ಗೂಟ ಹೊಡೆದ ತೂತು ಉಳಿದಿರುತ್ತವೆ, ಎಷ್ಟು ಎತ್ತರಕ್ಕೆ ಸೂರಿತ್ತೆಂದು ಅದರಿಂದಲೇ ತಿಳಿಯುತ್ತದೆ.

ಕೊನೆಯ ದಿನದ ಶಕ್ತಿನಗರ ಇವೆಲ್ಲಕ್ಕಿಂತ ಹೊಸದು. ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ರಾಯಚೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಬಸ್ಸು. ಕಾಲೋನಿಯ ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಒಳಗೆ ಪರಿಚಯದವರೊಬ್ಬರ ಹೆಸರು, ಫೋನು ಇದ್ದರೆ ಕೆಲಸ ಸಲೀಸು. ಸ್ಥಾವರದ ಕಡೆ ಕ್ಯಾಮೆರಾ ತಿರುಗಿಸಬೇಡಿ. ಸಾಲು ಮನೆಗಳೆಲ್ಲ ಒಂದೇ ಅಚ್ಚು, ಮೇಲೆ ಬೂದಿಯ ಬಣ್ಣ, ನಂಬರು ಅಳಿಸಿದ್ದರೆ ಗುರುತು ಹತ್ತುವುದಿಲ್ಲ. ನೀರಿನ ಟ್ಯಾಂಕಿನಿಂದ ಸಾಲು ಎಣಿಸಿ, ಸಾಲಿನ ತುದಿಯಿಂದ ಮನೆ ಎಣಿಸಿ. ಮನೆಯೇ ಇಲ್ಲದೆ ನೆಲಗಟ್ಟು ಮಾತ್ರ ಉಳಿದಿದ್ದರೆ ಬಚ್ಚಲ ಪೈಪು ಹುಡುಕಿ. ನೀರಿನ ಪೈಪು ಉಳಿಸಲೆಂದು ಬಚ್ಚಲು, ಅಡುಗೆಮನೆ ಅಕ್ಕಪಕ್ಕ ಕಟ್ಟುವುದು ರೂಢಿ. ಪೈಪಿನ ಒಂದು ಮಗ್ಗುಲಿಗೆ ಪಾತ್ರೆ ತೊಳೆಯುವ ಮೋರಿಯ ಇಳಿಜಾರು ಕಾಣುತ್ತದೆ. ಅದರ ಎದುರಿಗೆ ಒಲೆಕಟ್ಟೆ, ಎಡಕ್ಕೋ ಬಲಕ್ಕೋ ನಡುಮನೆ, ಮುಂದೆ ಎರಡು ಮೆಟ್ಟಿಲು.