ಪಟ್ಣದಲ್ಲಿ ಒಂದು ದಿನ

ಮೈಸೂರಿನವರಿಗೆ ಶ್ರೀರಂಗಪಟ್ಟಣ ಅಂದ್ರೆ ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಊರು. ಬೈಪಾಸ್ ಆದಮೇಲೆ ಅದೂ ಇಲ್ಲ. ನೆಂಟರು ಬಂದರೆ ಕಾರಲ್ಲಿ ಕೂರಿಸಿಕೊಂಡು ಹೋಗಿ, ರಂಗನಾಥನಿಗೆ ಕೈ ಮುಗಿದು, ನಿಮಿಷಾಂಬ ನೋಡಿ, ಸಂಗಮದಲ್ಲಿ ಕಾಲು ನೆನೆಸಿ ಊಟದ ಹೊತ್ತಿಗೆ ವಾಪಸ್. ಒಂದು ಕಾಲದ ರಾಜಧಾನಿಗೆ ನಾವು ಕೊಡುವ ಮರ್ಯಾದೆ ಇಷ್ಟು. ಈ ಸಲ ಒಬ್ಬನೇ ರೈಲು ಹತ್ತಿ ಹೋಗಿ ಸಂಜೆವರೆಗೂ ಸುಮ್ನೆ ಓಡಾಡಿದೆ.

1610ರಲ್ಲಿ ರಾಜ ಒಡೆಯರು ಈ ಊರನ್ನು ವಿಜಯನಗರದ ಪ್ರತಿನಿಧಿಯಿಂದ ಕಿತ್ತುಕೊಂಡರು. ಅಲ್ಲಿಂದ 1799ರ ಮೇ 4ರಂದು ಟಿಪ್ಪು ಸಾಯುವವರೆಗೂ ಮೈಸೂರು ರಾಜ್ಯ ನಡೆದದ್ದು ಕಾವೇರಿ ಸುತ್ತುವರಿದ ಈ ನಡುಗಡ್ಡೆಯಿಂದಲೇ. ನಾವು ನಮ್ಮದು ಅಂತ ಬೀಗುವ ದಸರಾ ಕೂಡ ಶುರುವಾಗಿದ್ದು ಇಲ್ಲೇ. ಆಮೇಲೆ ಗದ್ದುಗೆ ಮೈಸೂರಿಗೆ ಬಂತು, ಇಲ್ಲಿ ಕೋಟೆ ಗೋಡೆ, ಹೊಳೆ, ದೇವಸ್ಥಾನ ಉಳಿದವು. ನನಗೆ ಊರು ಹಿಡಿಸಿದ್ದೇ ಅದಕ್ಕೆ. ಮೈಸೂರಿನ ಥರ ಯಾವಾಗಲೂ ಸಿಂಗಾರ ಮಾಡಿಕೊಂಡು ನಿಂತಿಲ್ಲ. ಕೋಟೆ ಕಲ್ಲಿನ ಮೇಲೆ ಯಾರದೋ ಲಂಗ, ಶರಟು ಒಣಗುತ್ತಿದ್ದವು, ಪಕ್ಕದಲ್ಲೇ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಸ್ಟೇಷನ್ ಆಸುಪಾಸಿನಲ್ಲೇ ಟಿಪ್ಪು ಕಾಲದ ಒಂದು ಮದ್ದಿನ ಮನೆ, ಅಂದರೆ ಸಿಡಿಮದ್ದು ತುಂಬಿಡುತ್ತಿದ್ದ ಉಗ್ರಾಣ, ಇದೆ. ಇಟ್ಟಿಗೆ, ಗಾರೆ ಹಾಕಿ ಕಟ್ಟಿದ ದಪ್ಪ ಗೋಡೆಯ ಕಟ್ಟಡ. ನೋಡಿದರೆ ಏನೂ ವಿಶೇಷ ಅನ್ನಿಸುವುದಿಲ್ಲ. ನಾನೂ ಮುಂದೆ ಹೋಗುತ್ತಿದ್ದೆ, ಅಲ್ಲೇ ಮೇಕೆ ಬಿಟ್ಟುಕೊಂಡು ಕೂತಿದ್ದ ಯಜಮಾನರೊಬ್ಬರು ಕರೆದರು.

"ಅದು ನಡ್ಕೊಂಡ್ ಬಂದಿರೋ ಕಟ್ಟಡ ಕಣ್ ಸಾ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಇಲ್ಲ, ನಿಜ. ಬೆಂಗಳೂರು-ಮೈಸೂರು ರೈಲು ಹಳಿ ಎರಡು ಮಾಡುವಾಗ ಈ ಮದ್ದಿನ ಮನೆ ಅಡ್ಡ ಬಂತು. ಒಡೆಯುವಂತಿಲ್ಲ, ಸಂರಕ್ಷಿತ ಕಟ್ಟಡ. ಹಳಿ ಬಳಸಿಕೊಂಡು ಹೋಗುವಂತೆಯೂ ಇಲ್ಲ. ಕೊನೆಗೆ 2017ರಲ್ಲಿ ಸುತ್ತ ಅಗೆದು, ಅಡಿಗೆ ಉಕ್ಕಿನ ತೊಲೆ ಕೊಟ್ಟು, ಜಾಕ್ ಹಾಕಿ ಎತ್ತಿ, ಸುಮಾರು 1000 ಟನ್ ತೂಕದ ಕಟ್ಟಡವನ್ನು ಇಡಿಯಾಗಿ ಸುಮಾರು 130 ಮೀಟರ್ ಜರುಗಿಸಿದರು.

"ನೀವು ನೋಡಿದ್ರಾ ಯಜಮಾನ್ರೇ?"

"ನೋಡ್ದೆ ಇರ್ತೀವಾ? ಊರೇ ಬಂದಿತ್ತು. ಆದ್ರೆ ನೋಡ್ತಾ ಕೂತ್ರೆ ಏನೂ ಗೊತ್ತಾಗ್ತಿರ್ಲಿಲ್ಲ ಸಾ. ಊಟ ಮಾಡ್ಕೊಂಡ್ ಬರೋ ಹೊತ್ಗೆ ಮುಂದಕ್ ಹೋಗಿರೋದು."

"ಬಿರುಕು ಗಿರುಕು ಬಿಡಲಿಲ್ವಾ?"

"ಹಳೇ ಗಾರೆ ಅದು, ಬಿಡ್ತದಾ? ನಮ್ಮನೆ ಕಟ್ಟಿ ಆರ್ ವರ್ಷ ಆಗದೆ, ಎಲ್ಲಿದ್ದದೋ ಅಲ್ಲೇ ನಿಂತು ಬಿರುಕು ಬಿಟ್ಟದೆ."

ಬೀಡಿ ಹಚ್ಚಿಕೊಂಡು ನಿಧಾನವಾಗಿ ಸೇರಿಸಿದರು. "ಇಷ್ಟ್ ದೊಡ್ಡ ಕಟ್ಟಡ ಜರುಗ್ಸುದ್ರು. ನಮ್ ಬೀದಿ ಚರಂಡಿಗೆ ಒಂದ್ ಕಲ್ಲು ಜರುಗ್ಸಿ ಅಂತ ಹೇಳಿ ಹೇಳಿ ಸಾಕಾಗದೆ."

ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ. ಎದ್ದಾಗ ದೇವಸ್ಥಾನದ ಬಾಗಿಲು ಹಾಕಿದ್ದರು. ಮಧ್ಯಾಹ್ನ ಹಾಕಿದರೆ ಮತ್ತೆ ಸಂಜೆಗೇ ತೆಗೆಯುವುದು, ಭಕ್ತಿ ಇರುವವರು ಬೆಳಗ್ಗೆಯೇ ಮುಗಿಸಿಕೊಳ್ಳಿ.

ಇನ್ನು ಆಟೋ ವಿಷಯ. "ಎಲ್ಲಾ ಜಾಗ ತೋರಿಸ್ತೀನಿ, ಇಷ್ಟು ಕೊಡಿ" ಅಂದವನು ದರಿಯಾ ದೌಲತ್ ಮುಂದೆ ನಿಲ್ಲಿಸಿ "ಹತ್ತು ನಿಮಿಷ" ಅಂದ. ಹತ್ತು ನಿಮಿಷದಲ್ಲಿ ಏನು ನೋಡೋದು? 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಅರಮನೆ ಅದು, ಗೋಡೆ ತುಂಬ ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ. ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರ ಕಟ್ಟಿಕೊಂಡು ನಿಂತಿದ್ದಾರೆ, ನಡುವೆ ಗಾಯಗೊಂಡ ಅವರ ನಾಯಕ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಕುದುರೆಗಳು ಮುಗಿಬೀಳುತ್ತಿವೆ. ಸೋತು ಸೆರೆಯಾದ ಅವನು 1782ರಲ್ಲಿ ಇದೇ ಊರಿನಲ್ಲಿ ಸತ್ತ. ಅವನ ಮುಖ ಸರಿಯಾಗಿ ನೋಡುವಷ್ಟರಲ್ಲಿ ಹೊರಗಿಂದ ಹಾರ್ನ್! ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಿಸ್ತಾರೆ ಅಂತ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ನಾನು ದುಡ್ಡು ಕೊಟ್ಟು ಕಳಿಸಿಬಿಟ್ಟು, ಮತ್ತೆ ಒಳಗೆ ಹೋಗಿ ಮುಕ್ಕಾಲು ಗಂಟೆ ನಿಂತೆ.

ಸಂಗಮದ ಬಗ್ಗೆ ಜಾಸ್ತಿ ಹೇಳಲ್ಲ. ನೀರಿಗಿಂತ ಬಿಟ್ಟುಹೋದ ಬಟ್ಟೆ, ಪ್ಲಾಸ್ಟಿಕ್ಕೇ ಹೆಚ್ಚು ಕಂಡವು, ಸಿಟ್ಟು ಬಂತು, ಬಂದುಬಿಟ್ಟೆ. ಅದರ ಬದಲು ವೆಲ್ಲೆಸ್ಲಿ ಸೇತುವೆಗೆ ಹೋಗಿ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ್ದು. ಒರಟು ಕಲ್ಲಿನ ಕಂಬಗಳು, ಮೇಲೆ ಕಲ್ಲಿನ ಚಪ್ಪಡಿ, ಕೆಳಗೆ ಕಾವೇರಿ. ಸಂಜೆ ಹೊತ್ತು ಅಲ್ಲಿ ಒಬ್ಬ ಗಾಳ ಹಾಕಿಕೊಂಡು ಕೂತಿದ್ದ. ಮೀನು ಸಿಕ್ತಾ ಅಂದ್ರೆ, "ಮಾತಾಡ್ಸುದ್ರೆ ಎಲ್ಲಿ ಸಿಕ್ತದೆ" ಅಂದ.

ಟಿಪ್ಪು ಸಮಾಧಿ ಇರುವ ಗುಂಬಜ್ ಉಳಿದುಹೋಯಿತು. ಅದಕ್ಕೆ ಇನ್ನೊಂದು ಭಾನುವಾರ, ಬಾಡಿಗೆ ಸೈಕಲ್ಲಿನಲ್ಲಿ.