ಮಧ್ಯಾಹ್ನದ ಊಟ ಬಿಡಬೇಡ, ತಂಗೀ

ತಂಗಿ ಈ ವರ್ಷ ಕಾಸರಗೋಡು ಸರಕಾರಿ ಕಾಲೇಜಿಗೆ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿ, "ಅಣ್ಣಾ, ಮಧ್ಯಾಹ್ನ ಊಟದ ಬದಲು ಚಾ ತಿಂಡಿಯಲ್ಲೇ ಸುಧಾರಿಸಿದರೆ ತಿಂಗಳಿಗೆ ಸಾವಿರ ಉಳೀತದೆ ಅಲ್ವಾ?" ಎಂದು ಕೇಳಿದಳು. ಉಳಿಯುವುದಿಲ್ಲ. ನಾನು ಅದನ್ನು ಮಾಡಿ ನೋಡಿದವನು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ, ಪೆರ್ಲ, ಮುಳ್ಳೇರಿಯ, ಬದಿಯಡ್ಕ ಕಡೆಯಿಂದ ಬಂದು ಕಾಲೇಜು ಇರುವ ವಿದ್ಯಾನಗರದಲ್ಲಿ ರೂಮ್ ಮಾಡುವ ಬೇರೆ ಮಕ್ಕಳಿಗೂ ಬೇಕಾಗಬಹುದು.

2021ರಲ್ಲಿ ನಾನು ಅಲ್ಲಿ ಎಂಎ ಕನ್ನಡಕ್ಕೆ ಸೇರಿದಾಗ ಊಟಕ್ಕೆಂದು ತಿಂಗಳಿಗೆ 2500 ರೂಪಾಯಿ ಇಟ್ಟುಕೊಂಡಿದ್ದೆ. ದಿನಕ್ಕೆ 80 ಚಿಲ್ಲರೆ. ಮೊದಲ ತಿಂಗಳು ಮಧ್ಯಾಹ್ನದ ಊಟ ಬಿಟ್ಟೆ. ಹನ್ನೊಂದಕ್ಕೆ ಒಂದು ಚಾ, ಒಂದು ಪಳಂಪೊರಿ (ಬಾಳೆಹಣ್ಣಿನ ಪೋಡಿ), 20 ರೂಪಾಯಿ. ಒಂದು ಗಂಟೆಗೆ ಚಾ ಮತ್ತು ಎರಡು ತಿಂಡಿ, 30. ನಾಲ್ಕಕ್ಕೆ ಹೊಟ್ಟೆ ಮತ್ತೆ ಕರೆಯುತ್ತದೆ, ಇನ್ನೊಂದು 20. ಅಲ್ಲಿಗೆ 70 ಆಯಿತು, ಇನ್ನೂ ರಾತ್ರಿಯದ್ದು ಬಾಕಿ! ಮೂರನೇ ಪೀರಿಯಡ್‌ಗೆ ತಲೆನೋವು ಶುರುವಾಗುತ್ತಿತ್ತು. ದುಡ್ಡು ಸೋರುವುದು ಊಟದಲ್ಲಿ ಅಲ್ಲ, ಹತ್ತು ಹತ್ತರ ಈ ಚಾ ತಿಂಡಿಯಲ್ಲಿ. ಹೊಟ್ಟೆ ತುಂಬಾ ಅನ್ನ ತಿಂದವನಿಗೆ ನಾಲ್ಕು ಗಂಟೆಗೆ ಬರೀ ಚಾ ಸಾಕಾಗುತ್ತದೆ.

ನನ್ನನ್ನು ಉಳಿಸಿದ್ದು ಜನಕೀಯ ಹೋಟೆಲ್, ಕೇರಳ ಸರಕಾರದ ಮಹಿಳಾ ಸಂಘ ಕುಟುಂಬಶ್ರೀಯ ಅಕ್ಕಂದಿರು ನಡೆಸುವ ಅಗ್ಗದ ಊಟದ ಹೋಟೆಲ್. 20 ರೂಪಾಯಿಗೆ ಊಟ. ಅನ್ನ, ಒಂದು ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಮೀನು ಬೇಕಾದರೆ ಬೇರೆ ದುಡ್ಡು. ಒಂದು ಊಟಕ್ಕೆ ಸರಕಾರ 10 ರೂಪಾಯಿ ಸಬ್ಸಿಡಿ ಕೊಡುತ್ತಿತ್ತು, ಅಕ್ಕಿ ಕಡಿಮೆ ಬೆಲೆಗೆ ಸಿಗುತ್ತಿತ್ತು, ಹಾಗಾಗಿ ಅವರಿಗೆ ಗಿಟ್ಟುತ್ತಿತ್ತು. 2023ರ ಆಗಸ್ಟ್‌ನಲ್ಲಿ ಸಬ್ಸಿಡಿ ನಿಂತಿತು, ಊಟ 30 ಆಯಿತು, ಎಷ್ಟೋ ಕಡೆ ಹೋಟೆಲುಗಳೇ ಮುಚ್ಚಿದವು. ಅದನ್ನು ನಿಲ್ಲಿಸಬಾರದಿತ್ತು. ಆ 10 ರೂಪಾಯಿಯಲ್ಲಿ ಓದುವ ಮಕ್ಕಳ, ಕೂಲಿಯವರ, ಆಸ್ಪತ್ರೆಗೆ ಬಂದವರ ಹೊಟ್ಟೆ ತುಂಬುತ್ತಿತ್ತು, ಬಡಿಸುವ ಹೆಂಗಸರ ಮನೆಯೂ ನಡೆಯುತ್ತಿತ್ತು. ಈಗಲೂ ತೆರೆದಿರುವವು ಇವೆ. ತಂಗಿಗೆ ಮೊದಲು ಹೇಳಿದ್ದೇ ಕುಟುಂಬಶ್ರೀ ಬೋರ್ಡ್ ಹುಡುಕು ಎಂದು.

ಅದು ಸಿಗದಿದ್ದರೆ ಸಾಮಾನ್ಯ ಊಟದ ಹೋಟೆಲ್. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಅನ್ನ ಎಷ್ಟು ಸಲ ಬೇಕಾದರೂ ಹಾಕುತ್ತಾರೆ. ಕೆಂಪು ಕುಚ್ಚಲಕ್ಕಿ ಅನ್ನ, ಒಂದೊಂದು ಅಗುಳು ದಪ್ಪ, ಮೇಲೆ ಸುರಿದ ಮೀನಿನ ಸಾರು ಬಾಳೆಲೆಯ ಅಂಚಿಗೆ ಹರಿಯುವ ಮುಂಚೆ ಅನ್ನದಿಂದ ಕಟ್ಟೆ ಕಟ್ಟಬೇಕು. ಕುಡಿಯಲು ಕೆಂಪು ಬಣ್ಣದ ಬಿಸಿನೀರು. ಎರಡನೇ ಸಲ ಅನ್ನ ಕೇಳಲು ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆ ಬೇಡ. ಅದೂ ಸೇರಿಯೇ ಆ ರೇಟ್. ಮಲಯಾಳದಲ್ಲಿ "ಕುರಚ್ಚ್ ಚೋರ್" (ಸ್ವಲ್ಪ ಅನ್ನ) ಎಂದರೆ ಸಾಕು, ಬಕೆಟ್ ಹಿಡಿದು ಬರುತ್ತಾರೆ. ಕನ್ನಡದಲ್ಲಿ ಕೇಳಿದರೂ ಹೆಚ್ಚಿನ ಕಡೆ ಅರ್ಥವಾಗುತ್ತದೆ.

ಆದರೆ ಊಟದ ಮಧ್ಯೆ ಒಂದು ಟ್ರೇ ಬರುತ್ತದೆ. ಆಗ ತಾನೇ ಹುರಿದ ಮೀನು, ಮೇಲೆ ಕರಿಬೇವು, ಎಣ್ಣೆ ಇನ್ನೂ ಚುರುಗುಟ್ಟುತ್ತಿರುತ್ತದೆ. "ಪೊರಿಚ್ಚದ್ ವೇಣಾ?" (ಹುರಿದದ್ದು ಬೇಕಾ?) ಎಂದು ಕೇಳುತ್ತಾರೆ. ಒಂದು ಹೋಟೆಲಿನಲ್ಲಿ ನಾನು ಸುಮ್ನೆ ಹೂಂ ಎಂದು ತಲೆಯಾಡಿಸಿಬಿಟ್ಟೆ. ಬೆಲೆ ಕೇಳಲಿಲ್ಲ, ಬೋರ್ಡಿನಲ್ಲೂ ಇರಲಿಲ್ಲ. ಅದು ಅಂಜಲ್ ಎಂಬ ದುಬಾರಿ ಮೀನಿನ ತುಂಡು. ಬಿಲ್ 190 ಆಯಿತು. ಜೇಬಿನಲ್ಲಿ ಇದ್ದದ್ದು 200. ಕ್ಯಾಶ್ ಕೌಂಟರ್ ಎದುರು ನಿಂತು ಆ ಹತ್ತರ ನೋಟು ವಾಪಸ್ ತೆಗೆದುಕೊಳ್ಳುವಾಗ ಅಮ್ಮ ಬೀಡಿ ಕಟ್ಟಿ ಕಳಿಸಿದ ದುಡ್ಡು ಎಂದು ನೆನಪಾಗಿ ಗಂಟಲು ಕಟ್ಟಿತು. ಆ ವಾರ ಉಳಿದ ದಿನ ರಾತ್ರಿ ರೂಮಿನಲ್ಲಿ ಗಂಜಿ, ಚಟ್ನಿ. ಅಂದಿನಿಂದ ಕೈ ಎತ್ತುವ ಮೊದಲು "ಇದಿನ್ ಎತ್ರ?" (ಇದಕ್ಕೆ ಎಷ್ಟು?) ಎಂದು ಕೇಳುತ್ತೇನೆ. ಕೇಳಿದ್ದಕ್ಕೆ ಯಾರೂ ಇವತ್ತಿನವರೆಗೆ ಮುಖ ಸಿಂಡರಿಸಿಲ್ಲ. ಬಂಗುಡೆ, ಬೂತಾಯಿಯಂಥ ಅಗ್ಗದ ಮೀನಾದರೆ ಮನೆಯಿಂದ ದುಡ್ಡು ಬಂದ ದಿನ ತಿನ್ನಬಹುದು. ಅಲ್ಲಿ ಅವುಗಳ ಹೆಸರು ಅಯಲ, ಮತ್ತಿ.

ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಕೇರಳದಲ್ಲಿ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾಲೇಜು ಶುರುವಾಗುವ ಹೊತ್ತಿಗೇ ಮೀನಿಗೆ ಚಿನ್ನದ ಬೆಲೆ. ಆಗ ಹುರಿದ ಮೀನಿನ ಕಡೆ ನೋಡಲೇ ಬೇಡಿ, ಸಾರು ಸಾಕು.

ರಂಜಾನ್ ತಿಂಗಳಲ್ಲಿ ಪೇಟೆಯ ಹಲವು ಹೋಟೆಲುಗಳು ಹಗಲು ಮುಚ್ಚಿರುತ್ತವೆ. ಮೊದಲ ವರ್ಷ ಇದು ಗೊತ್ತಿಲ್ಲದೆ ಹೊಸ ಬಸ್ ಸ್ಟ್ಯಾಂಡಿನಿಂದ ಹಳೆಯದರವರೆಗೆ ಬಿಸಿಲಿನಲ್ಲಿ ನಡೆದಿದ್ದೇನೆ. ಆ ತಿಂಗಳು ನಾವು ನಾಲ್ವರು ಬೆಳಿಗ್ಗೆಯೇ ರೂಮಿನಲ್ಲಿ ಅನ್ನ ಬೇಯಿಸಿ ಡಬ್ಬಿಗೆ ಹಾಕಿಕೊಳ್ಳುತ್ತಿದ್ದೆವು, ಸಾರು ಮಾತ್ರ ಪಾರ್ಸೆಲ್. ಉಪವಾಸ ಬಿಡುವ ಸಂಜೆಯ ರುಚಿಯೇ ಬೇರೆ, ಬಿಡಿ. ರೂಮಿನ ಪಕ್ಕದ ಇಚ್ಚ (ಮುಸ್ಲಿಂ ಅಣ್ಣ) ದುಡ್ಡು ತೆಗೆದುಕೊಳ್ಳದೆ ಸಮೋಸ ಕೊಡುತ್ತಿದ್ದರು.

ರಾತ್ರಿಗೆ ತಟ್ಟುಕಡ, ಅಂದರೆ ರಸ್ತೆ ಬದಿಯ ಗಾಡಿ ಅಂಗಡಿ. ಮೂರು ಪೊರೊಟ, ಮೇಲೆ ಸುಮ್ನೆ ಸಿಗುವ ಗ್ರೇವಿ. ಸಿಗುತ್ತದಾ ಎಂದು ಮೊದಲೇ ಕೇಳಿ, ಕೊಡಲೇಬೇಕು ಎಂದೇನಿಲ್ಲ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಪೊರೊಟ ಬೇಡ ಎಂದು ತಂಗಿಗೆ ಹೇಳಿದ್ದೇನೆ, ಮೈದಾ ತಿಂದು ಮಲಗಿದರೆ ಬೆಳಿಗ್ಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ.

ಇನ್ನು, ಕುಟುಂಬಶ್ರೀ ಹೋಟೆಲಿಗೆ ಹೋಗುವುದಾದರೆ ಹನ್ನೆರಡೂವರೆಗೇ ಹೋಗಬೇಕು. ನಾನಿದ್ದಾಗ ಒಂದೂವರೆಗೆ ಪಲ್ಯ ಮುಗಿದು ಅಕ್ಕ ಪಾತ್ರೆ ಕವುಚಿ ತೋರಿಸುತ್ತಿದ್ದರು.